ಹಳೆ ಬಾಗಿಲಲ್ಲಿ ನಿಂತ ಪೆಟ್ಟಿಗೆ

ನಾನು ಕೈ ಹಾಕಿದರೆ ಎಂಥ ಮೂಕ ಯಂತ್ರವೂ ಬಾಯಿ ಬಿಟ್ಟೇ ಬಿಡುತ್ತದೆ. ನಲವತ್ತೆರಡು ವರ್ಷ ರೇಡಿಯೋ ರಿಪೇರಿ ಅಂಗಡಿ ನಡೆಸಿದವನು ನಾನು. ನಿಂತುಹೋದ ಕೈಗಡಿಯಾರ ಕಟ್ಟಿಕೊಂಡವರು ನನ್ನ ಅಂಗಡಿಯ ಮುಂದೆ ಹಾದುಹೋದರೆ ಸಾಕು, ಮುಳ್ಳುಗಳು ಭಯಕ್ಕೇ ನಡೆಯತೊಡಗುತ್ತಿದ್ದವು. ಒಬ್ಬರು ಮೂವತ್ತು ವರ್ಷ ಅಟ್ಟದಲ್ಲಿ ಬಿದ್ದಿದ್ದ ರೇಡಿಯೋ ತಂದಿದ್ದರು. ನಾನು ಸ್ಕ್ರೂಡ್ರೈವರ್ ತೋರಿಸಿದ್ದಷ್ಟೇ, ಅದು ಮೂವತ್ತು ವರ್ಷದ ಹಿಂದೆ ಅರ್ಧಕ್ಕೆ ನಿಲ್ಲಿಸಿದ್ದ ವಾರ್ತೆಯನ್ನು ಅಲ್ಲಿಂದಲೇ ಮುಂದುವರಿಸಿತು. ನಂಬದವರು ನಂಬುವುದು ಬೇಡ. ಇಲ್ಲಿ ಹೇಳಹೊರಟಿರುವುದು ನನ್ನ ವಿಷಯವಲ್ಲ, ನನ್ನ ಅತ್ತಿಗೆಯ ವಿಷಯ.

ಅತ್ತಿಗೆ ಮೂವತ್ತೊಂದು ವರ್ಷ ಒಂದು ಪ್ರೆಸ್ಸಿನಲ್ಲಿ ಓದುವ ಕೆಲಸ ಮಾಡಿದರು. ಕರಡು ತಿದ್ದುವುದಕ್ಕೆ ಅಲ್ಲಿ ಇಬ್ಬರು ಎದುರುಬದುರು ಕೂರುತ್ತಿದ್ದರು. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಾದ ಹಾಳೆ ನೋಡುತ್ತಾ ಕೆಂಪು ಪೆನ್ನಿನಲ್ಲಿ ತಪ್ಪು ತಿದ್ದಬೇಕು. ಓದುವವರು ಅಕ್ಷರ ಮಾತ್ರವಲ್ಲ, ಚುಕ್ಕೆ, ಗೆರೆ, ಆವರಣ ಎಲ್ಲವನ್ನೂ ಓದಬೇಕು. ಹಾಗಾಗಿ ಅತ್ತಿಗೆಯ ಬಾಯಲ್ಲಿ ಅಲ್ಪವಿರಾಮ, ಪೂರ್ಣವಿರಾಮಗಳು ಉಸಿರಿನಂತೆ ಸೇರಿಹೋಗಿದ್ದವು. ಮನೆಗೆ ಬಂದ ಮೇಲೂ ಬಿಡುತ್ತಿರಲಿಲ್ಲ. "ಸ್ನಾನಕ್ಕೆ ನೀರು ಕಾದಿದೆ, ಪೂರ್ಣವಿರಾಮ," ಎನ್ನುವರು. ನಮ್ಮಣ್ಣನ ಮೇಲೆ ಸಿಟ್ಟು ಬಂದರೆ ಬರೀ "ಪ್ರಶ್ನಾರ್ಥಕ" ಎಂದು ಹೇಳಿ ಸುಮ್ಮನಾಗುವರು. ಅಣ್ಣ ಆ ಒಂದು ಪದಕ್ಕೆ ಒಂದು ವಾರ ಉತ್ತರ ಹುಡುಕುತ್ತಿದ್ದ.

ಅತ್ತಿಗೆಯ ಎದುರು ಮೂವತ್ತೊಂದು ವರ್ಷ ಕೆಂಪು ಪೆನ್ನು ಹಿಡಿದು ಕೂತವರು ಇನ್ನೊಬ್ಬ ಹೆಂಗಸು. ಪ್ರೆಸ್ಸಿನಲ್ಲಿ ಅವರನ್ನು ಎಲ್ಲರೂ ಕೆಂಪುಶಾಯಿ ಅನ್ನುತ್ತಿದ್ದರು. ಅವರ ಕಣ್ಣು ಎಷ್ಟು ಚುರುಕೆಂದರೆ, ಇನ್ನೂ ಅಚ್ಚಿನ ಮೊಳೆ ಜೋಡಿಸದ ಹಾಳೆಯಲ್ಲೂ ಒತ್ತಕ್ಷರದ ತಪ್ಪು ಕಾಣುತ್ತಿತ್ತಂತೆ. ಅವರು ಅತ್ತಿಗೆಯನ್ನು ಗಿಳಿ ಎಂದು ಕರೆಯುತ್ತಿದ್ದರು. ಇಬ್ಬರೂ ದಿನಕ್ಕೆ ಹತ್ತು ಸಲ ಜಗಳವಾಡುತ್ತಿದ್ದರು, ಹನ್ನೊಂದನೇ ಸಲಕ್ಕೆ ಒಂದೇ ಲೋಟದಲ್ಲಿ ಕಾಫಿ ಹಂಚಿಕೊಳ್ಳುತ್ತಿದ್ದರು.

ಪ್ರೆಸ್ಸು ಮುಚ್ಚಿದ ದಿನ ಇಬ್ಬರ ಮೇಜಿನ ಮೇಲೆ ಒಂದು ಪುಸ್ತಕ ಅರ್ಧಕ್ಕೆ ನಿಂತಿತ್ತು. ನೀರಿನ ಪಂಪುಗಳ ರಿಪೇರಿ ಕುರಿತ ಪುಸ್ತಕ, ನಾನೂರ ಹದಿನೆಂಟು ಪುಟ. ಬರೆದವರು ಆಗಲೇ ತೀರಿಹೋಗಿದ್ದರು. ಅಚ್ಚು ಹಾಕಿಸಲು ಯಾರಿಗೂ ಆಸೆ ಉಳಿದಿರಲಿಲ್ಲ. ಆ ಪುಸ್ತಕದ ದಾರಿ ಕಾಯುತ್ತಿದ್ದ ಓದುಗ ಇಡೀ ಭೂಮಂಡಲದಲ್ಲಿ ಒಬ್ಬನೂ ಇರಲಿಲ್ಲ, ಪಂಪುಗಳೂ ಕಾಯುತ್ತಿರಲಿಲ್ಲ. ಆದರೂ ಇಬ್ಬರೂ ಕರಡನ್ನು ಕಟ್ಟಿಕೊಂಡು ಮನೆಗೆ ತಂದರು. ಮೂಲಪ್ರತಿ ಅತ್ತಿಗೆಯ ಬಳಿ, ಅಚ್ಚಾದ ಹಾಳೆ ಕೆಂಪುಶಾಯಿಯ ಬಳಿ. "ಶುರು ಮಾಡಿದ ಕರಡು ಮುಗಿಸದೆ ಏಳಬಾರದು," ಎಂಬುದು ಅವರ ಕೆಲಸದ ಕಟ್ಟುಪಾಡು.

ಮುಂದೆ ಕೆಂಪುಶಾಯಿ ದೂರದ ಊರಿನ ಸಂಬಂಧಿಕರ ಮನೆ ಸೇರಿದರು. ಅಲ್ಲಿ ಅವರ ಕಣ್ಣು ಮಬ್ಬಾಯಿತು. ಆಮೇಲೆ ಪೂರ್ತಿ ಹೋಯಿತು. ಕಣ್ಣಿಲ್ಲದ ಕರಡು ತಿದ್ದುವವಳು ಏನು ಮಾಡಬೇಕು? "ನೀನು ಓದು, ತಪ್ಪು ನನ್ನ ಕಿವಿಗೆ ಕಾಣುತ್ತೆ," ಎಂದರಂತೆ.

ಆಗ ನಮ್ಮಣ್ಣ ಪೆಟ್ಟಿಗೆ ಮಾಡಿಕೊಟ್ಟ. ಅಣ್ಣ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವನು. ನಿವೃತ್ತಿಯಾದ ಮೇಲೆ ಕಂಪ್ಯೂಟರಿನ ಹುಚ್ಚು ಹಿಡಿಸಿಕೊಂಡು ನಡುಮನೆಯಲ್ಲಿ ಒಂದು ಸರ್ವರ್ ಕೂಡಿಸಿದ್ದ. ಹಾಗೆ ಕರೆದರೆ ಮಾತ್ರ ಕೋಪ. "ಸರ್ವರ್ ಅಂದ್ರೆ ಹೋಟೆಲಲ್ಲಿ ತಟ್ಟೆ ತಂದಿಡೋನು ಕಣೋ. ಇದು ಪೆಟ್ಟಿಗೆ," ಅನ್ನುತ್ತಿದ್ದ. ಎಲ್ಲಕ್ಕೂ ಅವನದೇ ಹೆಸರು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿಟ್ಟಿದ್ದ, ಅಂಕಿಗಳನ್ನೂ ಬಿಡದೆ. ಅತ್ತಿಗೆ ಬೆಳಿಗ್ಗೆ ಹತ್ತಕ್ಕೆ ಮೈಕಿನ ಮುಂದೆ ಕೂತು ಓದುವರು. ಪೆಟ್ಟಿಗೆ ಅದನ್ನು ಓದುತ್ತಿದ್ದ ಹಾಗೆಯೇ ಇಂಟರ್ನೆಟ್ಟಿನಲ್ಲಿ ಒಯ್ದು ಕೆಂಪುಶಾಯಿಯ ಹಾಸಿಗೆ ಪಕ್ಕದ ಪುಟ್ಟ ಡಬ್ಬಿಗೆ ಮುಟ್ಟಿಸುವುದು. ಡಬ್ಬಿಗೆ ಎರಡೇ ಗುಂಡಿ. ಒಂದನ್ನು ಒತ್ತಿದರೆ ಒಂದು ವಾಕ್ಯ ಹಿಂದಕ್ಕೆ. ಇನ್ನೊಂದನ್ನು ಒತ್ತಿ ತಪ್ಪು ಹೇಳಿದರೆ ಆ ಮಾತು ಪೆಟ್ಟಿಗೆಗೆ ವಾಪಸು. ಹೀಗೆ ತಿದ್ದುತ್ತಾ, ಜಗಳವಾಡುತ್ತಾ ವಾರಕ್ಕೆ ಒಂದು ಪುಟ, ಒಂದೂವರೆ ಪುಟ.

ಅಣ್ಣ ಹೋಗಿ ಮೂರು ವರ್ಷವಾಯಿತು. ಅವನು ಹೋದ ದಿನ ಅತ್ತಿಗೆ, "ಹೋದರು, ಪೂರ್ಣವಿರಾಮ," ಎಂದರು. ಮರುದಿನ ಹತ್ತು ಗಂಟೆಗೆ ಮೈಕಿನ ಮುಂದೆ ಕೂತಿದ್ದರು.

ಈಚೆಗೆ ಕೆಂಪುಶಾಯಿಯನ್ನು ಆಸ್ಪತ್ರೆಗೆ ಸೇರಿಸಿದರು. ಡಬ್ಬಿಯೂ ಜೊತೆಗೆ ಹೋಯಿತು. ಡಾಕ್ಟರು ಒಂದು ವಾರ, ಹೆಚ್ಚೆಂದರೆ ಹತ್ತು ದಿನ ಎಂದರು. ಅತ್ತಿಗೆಗೆ ಸೊಂಟದ ಮೂಳೆ ಮುರಿದು ಕೂಡಿದ ಮೇಲೆ ಬಚ್ಚಲಮನೆಗೆ ಹೋಗುವುದೇ ಒಂದು ಯಾತ್ರೆ, ಇಡೀ ದಿನದ ರೈಲು ಪ್ರಯಾಣ ಕನಸಿನ ಮಾತು. ಪುಸ್ತಕದಲ್ಲಿ ಹನ್ನೊಂದು ಪುಟ ಬಾಕಿ ಇತ್ತು. ಕೆಂಪುಶಾಯಿ ಡಬ್ಬಿಯಲ್ಲಿ ಹೇಳಿ ಕಳಿಸಿದ್ದರು: "ಏ ಗಿಳಿ, ದಿನಕ್ಕೆ ಎರಡು ಪುಟ ಓದು. ಮುಗಿಸಿಕೊಂಡೇ ಏಳ್ತೀನಿ."

ಇಷ್ಟು ಗೊತ್ತಿದ್ದೂ ನಾನು ಮಾಡಿದ ಘನಕಾರ್ಯ ಕೇಳಿ.

ಅತ್ತಿಗೆಯ ಮನೆಯ ಹಳೆ ರೂಟರು ಬಿಸಿಯಾಗುತ್ತಿತ್ತು. ಅದರ ಮೇಲೆ ದೋಸೆ ಹುಯ್ಯಬಹುದಿತ್ತು, ಎರಡು ಕಡೆಯೂ ಬೇಯುತ್ತಿತ್ತು. "ನಡೀತಾ ಇದೆಯಲ್ಲ, ಮುಟ್ಟಬೇಡ," ಎಂದು ಅತ್ತಿಗೆ ಎರಡು ಸಲ ಹೇಳಿದ್ದರು. ಆದರೆ ರಿಪೇರಿಯವನ ಕೈ ಸುಮ್ಮನಿರುತ್ತದೆಯೇ? ನಾನು ಹೊಸದೊಂದು ತಂದೆ. ಹತ್ತೂ ಕಾಲರ ಹೊತ್ತು. ಅತ್ತಿಗೆ ಒಳಗೆ ಕೋಣೆಯಲ್ಲಿ ಓದುತ್ತಿದ್ದರು: "ಪಂಪು ತಿರುಗುತ್ತದೆ ಅಲ್ಪವಿರಾಮ…" ಎರಡೇ ನಿಮಿಷದ ಕೆಲಸವೆಂದುಕೊಂಡು ನಾನು ನಡುಮನೆಯಲ್ಲಿ ಹಳೆಯದರ ವೈರು ಕಿತ್ತೆ. ಹೊಸದಕ್ಕೆ ಸಿಕ್ಕಿಸಿದೆ. ಹಸಿರು ದೀಪ ಹತ್ತಿತು. ನನ್ನ ಫೋನು ಓಡಿತು, ಟೀವಿ ಓಡಿತು. ಹಳೆಯದನ್ನು ಬೀದಿಯಲ್ಲಿ ಹೋಗುತ್ತಿದ್ದ ಗುಜರಿಯವನ ಗಾಡಿಗೆ ಎಸೆದು ಎದೆಯುಬ್ಬಿಸಿ ನಿಂತೆ.

ಹನ್ನೊಂದಾದರೂ ಕೆಂಪುಶಾಯಿಯ ತಿದ್ದುಪಡಿ ಒಂದೂ ಬರಲಿಲ್ಲ. ಅತ್ತಿಗೆ ವಾಕರ್ ನೂಕಿಕೊಂಡು ಬಂದು ಪೆಟ್ಟಿಗೆಯ ಪರದೆ ನೋಡಿದರು. ಅಣ್ಣ ಬರೆದಿಟ್ಟಿದ್ದ ಸಾಲೊಂದು ಅಲ್ಲಿ ಮಿನುಗುತ್ತಿತ್ತು: ಹೊರಗೆ ಹೋಗಲು ದಾರಿ ಕಾಣುತ್ತಿಲ್ಲ.

"ಏನು ಮಾಡಿದೆ?"

"ಏನೂ ಇಲ್ಲ ಅತ್ತಿಗೆ, ಹೊಸದು ಹಾಕಿದೆ. ಐದು ನಿಮಿಷದಲ್ಲಿ ಸರಿಹೋಗುತ್ತೆ."

ಆ ಐದು ನಿಮಿಷ ನಾಲ್ಕು ದಿನ ನಡೆಯಿತು.

ಪೆಟ್ಟಿಗೆ ಆರಿಸಿ ಹತ್ತಿಸಿದೆ. ವೈರು ಬದಲಿಸಿದೆ. ವೈರಿನ ತುದಿ ಊದಿದೆ, ಒರೆಸಿದೆ, ಗೊತ್ತಿದ್ದ ಬೈಗುಳವನ್ನೆಲ್ಲ ಬೈದೆ. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದರೆ ಒಬ್ಬಾಕೆ ಆರಿಸಿ ಹತ್ತಿಸಿ ನೋಡಿ ಎಂದಳು. ಹದಿನೇಳು ಸಲ ಆಗಿದೆಯಮ್ಮ ಎಂದರೆ, ಹಾಗಿದ್ದರೆ ಇನ್ನೊಂದು ಸಲ ಎಂದಳು. ಮಧ್ಯಾಹ್ನ ಕಂಪನಿಯವನೊಬ್ಬ ಬಂದ. ನನ್ನ ಫೋನ್ ನೋಡಿದ, ಟೀವಿ ನೋಡಿದ.

"ನೆಟ್ ಬರ್ತಾ ಇದೆ ಸಾರ್."

"ಪೆಟ್ಟಿಗೆಗೆ ಬರ್ತಿಲ್ಲವಲ್ಲಪ್ಪ."

"ಪೆಟ್ಟಿಗೆ ನಮ್ಮದಲ್ಲ ಸಾರ್. ಬಾಗಿಲವರೆಗೆ ತಂದು ಬಿಡೋದು ನಮ್ಮ ಕೆಲಸ. ಒಳಗೆ ನಿಮ್ಮನಿಮ್ಮಲ್ಲಿ ಮಾತುಕತೆ ಇಲ್ಲ ಅಂದ್ರೆ ನಾವೇನು ಮಾಡೋಣ?"

ಅವನು ಹೇಳಿದ ಮಾತಿನಲ್ಲೇ ಉತ್ತರವಿತ್ತು. ನನ್ನ ಕಿವಿಗೆ ಅದು ಬರೀ ಕೊಬ್ಬಾಗಿ ಕೇಳಿಸಿತು.

ಹಳೆಯದನ್ನೇ ಮತ್ತೆ ಸಿಕ್ಕಿಸೋಣವೆಂದು ಗುಜರಿ ಅಂಗಡಿಗೆ ಓಡಿದೆ. ಅಲ್ಲಿ ಹಳೆ ರೂಟರುಗಳ ರಾಶಿ ಮೋಡಕ್ಕೆ ಒರಗಿಕೊಂಡಿತ್ತು. ನಮ್ಮದನ್ನು ಅವನು ಆಗಲೇ ಸುತ್ತಿಗೆಯಿಂದ ಒಡೆದು ತಗಡು ಒಂದು ಕಡೆ, ಪ್ಲಾಸ್ಟಿಕ್ ಒಂದು ಕಡೆ ಹಾಕಿದ್ದ.

ಎರಡನೇ ದಿನ ಅತ್ತಿಗೆ ಅಣ್ಣನ ನೋಟ್‌ಬುಕ್ ತೆಗೆಸಿದರು. ಗಟ್ಟಿಯಾಗಿ ಓದಿದರು, ಎಂದಿನಂತೆ ವಿರಾಮಗಳ ಸಮೇತ: "ಬಾಗಿಲು ಬದಲಾದರೆ ಪೆಟ್ಟಿಗೆಗೆ ಹೇಳಬೇಕು ಪೂರ್ಣವಿರಾಮ. ಹೇಳದಿದ್ದರೆ ಅದು ಹಳೆ ಬಾಗಿಲಲ್ಲೇ ನಿಂತಿರುತ್ತದೆ ಪೂರ್ಣವಿರಾಮ."

ನಾವಿಬ್ಬರೂ ಒಟ್ಟಿಗೆ ತಲೆಯೆತ್ತಿ ಮುಂಬಾಗಿಲನ್ನು ನೋಡಿದೆವು.

ಅಣ್ಣ ಇದ್ದಾಗ ಮನೆಗೆ ಮರದ ಬಾಗಿಲಿತ್ತು. ಗೆದ್ದಲು ತಿಂದು ಅದು ತೂಕದಲ್ಲಿ ಹಪ್ಪಳವಾಗಿತ್ತು. ಹೋದ ತಿಂಗಳಷ್ಟೇ ಅದನ್ನು ತೆಗೆಸಿ ಕಬ್ಬಿಣದ ಬಾಗಿಲು ಹಾಕಿಸಿದ್ದೆವು. ಪೆಟ್ಟಿಗೆ ಇರುವುದೂ ಅದರ ಪಕ್ಕದಲ್ಲೇ. ಕಬ್ಬಿಣ ಅಲೆಗಳನ್ನು ತಡೆಯುತ್ತದೆಂದು ರೇಡಿಯೋದವನಿಗೆ ಹೇಳಿಕೊಡಬೇಕೆ? ಎಲ್ಲ ಸ್ಪಷ್ಟವಾಯಿತು. ಹೋದ ತಿಂಗಳು ಪೂರ್ತಿ ಕಬ್ಬಿಣದ ಬಾಗಿಲಿಟ್ಟುಕೊಂಡೇ ಪೆಟ್ಟಿಗೆ ನಡೆದಿತ್ತಲ್ಲ ಎಂಬ ಪ್ರಶ್ನೆ ಏಳಬೇಕಿತ್ತು. ಆ ಪ್ರಶ್ನೆಯೂ ನನ್ನ ತಲೆಯ ಬಾಗಿಲ ಹೊರಗೇ ನಿಂತಿತು. ಅದೇ ಪುಟದಲ್ಲಿ ಬಾಗಿಲು ಎಂದು ಬರೆದು ಅಣ್ಣ ಒಂದಿಷ್ಟು ಅಂಕಿ ಹಾಕಿದ್ದ. ಬಡಗಿಯ ಫೋನ್ ನಂಬರ್ ಇರಬೇಕೆಂದು ಒತ್ತಿದೆ. ಆ ನಂಬರ್ ಅಸ್ತಿತ್ವದಲ್ಲೇ ಇಲ್ಲವೆಂದು ಫೋನು ವಿನಯದಿಂದ ತಿಳಿಸಿತು.

ಬೀದಿ ಕೊನೆಯ ವೆಲ್ಡಿಂಗಿನವರನ್ನು ಕರೆತಂದೆ. ಅವರೇ ಆ ಬಾಗಿಲು ಮಾಡಿದವರು.

"ಯಾಕೆ ಸ್ವಾಮಿ, ನನ್ನ ಬಾಗಿಲಲ್ಲಿ ಏನು ಕೊರತೆ?"

"ಇಂಟರ್ನೆಟ್ ಒಳಗೆ ಬರ್ತಿಲ್ಲ."

ಅವರು ನನ್ನ ಮುಖವನ್ನೇ ನೋಡಿದರು. "ಕಳ್ಳರು ಬರಬಾರದು ಅಂತ ಹೇಳಿದ್ರಿ. ಇದರ ಬಗ್ಗೆ ಹೇಳಿರಲಿಲ್ಲ."

ಬಾಗಿಲು ಕಿತ್ತು ಗೋಡೆಗೆ ಒರಗಿಸಿದರು. ಸಂಜೆತನಕ ಅತ್ತಿಗೆ ಬಾಗಿಲಿಲ್ಲದ ಮನೆಯಲ್ಲಿ, ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ, ಪೆಟ್ಟಿಗೆಯ ಎದುರು ಕೂತರು. ಹೋಗುವವರು ನಿಂತು ಇಣುಕಿದರು. ಒಬ್ಬರಂತೂ ಚಪ್ಪಲಿ ಬಿಟ್ಟು ಒಳಗೆ ಬಂದು ತಲೆ ತಗ್ಗಿಸಿ ನಿಂತರು, ಸಾವಿನ ಮನೆಯೆಂದುಕೊಂಡು. ಅತ್ತಿಗೆ, "ಇನ್ನೂ ಇಲ್ಲ," ಎಂದರು. ಪೆಟ್ಟಿಗೆಯ ಪರದೆ ಮಾತ್ರ ತನ್ನ ಸಾಲನ್ನು ಬಿಡಲಿಲ್ಲ.

ಫೋನಿನಲ್ಲೇ ಓದಬಾರದೇ ಎಂದು ನೀವು ಕೇಳಬಹುದು. ಓದಿದರು. ವಾರ್ಡಿನ ನರ್ಸ್ ತಮ್ಮ ಫೋನನ್ನು ಕೆಂಪುಶಾಯಿಯ ಕಿವಿಗೆ ಹಿಡಿದರು. ಆದರೆ ಈಗೀಗ ಆ ಕಿವಿಗೆ ಡಬ್ಬಿಯ ದೊಡ್ಡ ಹೆಡ್‌ಫೋನಿನಲ್ಲಿ ಬಿಟ್ಟು ಬೇರೆಲ್ಲೂ ಸರಿಯಾಗಿ ಕೇಳಿಸುತ್ತಿರಲಿಲ್ಲ. "ಯಾರು? ಯಾರು?" ಎಂಬ ದನಿಯಷ್ಟೇ ಈಕಡೆಗೆ ಬಂತು. ಅತ್ತಿಗೆ, "ನಾನು ಕಣೇ, ಗಿಳಿ," ಎಂದು ಆರು ಸಲ ಹೇಳಿದರು. "ಯಾರೋ ಏನೋ ಮಾರೋಕೆ ಬಂದಿದ್ದಾರೆ, ಬೇಡ ಅನ್ನಿ," ಎಂದು ಆಕಡೆಯಿಂದ ಕೇಳಿಸಿತು. ಪೆಟ್ಟಿಗೆ ಕೆಟ್ಟಿದೆ ಎಂದು ತಿಳಿಸಿ ಅಂತ ನರ್ಸಿಗೆ ಹೇಳಿದೆವು. ಅವರ ಪಾಳಿ ಮುಗಿದು ಇನ್ನೊಬ್ಬರು ಬಂದರು. ಆ ಮಾತು ಎಲ್ಲಿ ಬಿದ್ದುಹೋಯಿತೋ ಗೊತ್ತಿಲ್ಲ.

ಮೂರನೇ ದಿನ ಅತ್ತಿಗೆ ಊಟ ಬಿಟ್ಟರು. ನಾನು ಪೆಟ್ಟಿಗೆಯ ಮೇಲಿನ ತಗಡು ತೆಗೆದು ಒಳಗೆ ನೋಡಿದೆ. ರೇಡಿಯೋದ ಒಳಗೆ ನೋಡಿದರೆ ನನಗೆ ನೆಂಟರ ಮನೆಗೆ ಹೋದಂತಿರುತ್ತದೆ. ಇದರೊಳಗೆ ಒಬ್ಬರೂ ಪರಿಚಯದವರು ಇರಲಿಲ್ಲ. ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿ ಕೇಳಿದೆ. ಪೆಟ್ಟಿಗೆ ಬಿಟ್ಟುಹೋಗಿ, ಹತ್ತು ದಿನ ಆಗುತ್ತೆ ಎಂದರು. ಹತ್ತು ದಿನ ಯಾರ ಬಳಿ ಇತ್ತು? ಬರಿಗೈಯಲ್ಲಿ ಹಿಂದಿರುಗಿದೆ. ಅತ್ತಿಗೆಯ ಮುಖ ನೋಡಲಾರದೆ ಮೆಟ್ಟಿಲ ಮೇಲೇ ಕೂತೆ. ಒಳಗಿಂದ ಅವರ ದನಿ ಕೇಳಿಸಿತು. ಮೈಕು ಇಲ್ಲದೆ, ಯಾರಿಗೂ ಅಲ್ಲದೆ, ನಾನು ವೈರು ಕಿತ್ತಾಗ ಕೆಂಪುಶಾಯಿಗೆ ಅರ್ಧಕ್ಕೇ ನಿಂತುಹೋದ ಅದೇ ವಾಕ್ಯವನ್ನು ಓದುತ್ತಿದ್ದರು. ಅಲ್ಪವಿರಾಮಕ್ಕೆ ಬಂದು ನಿಲ್ಲುವರು. ಮತ್ತೆ ಮೊದಲಿಂದ.

ನಾಲ್ಕನೇ ದಿನ ವೆಲ್ಡಿಂಗಿನವರು ಬಂದು ಬಾಗಿಲು ವಾಪಸು ಕೂರಿಸುತ್ತಿದ್ದರು. ಗಂಟೆ ಹತ್ತಾಯಿತು, ಓದುವ ಹೊತ್ತು. ಅತ್ತಿಗೆ ಅಣ್ಣನ ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡರು.

"ಆ ಹೊಸ ರೂಟರ್ ಎತ್ಕೋ. ಅದರ ಮೇಲೆ ಏನೇನು ಅಚ್ಚಾಗಿದೆ ಎಲ್ಲಾ ಓದು."

"ಅದರಲ್ಲೇನಿದೆ ಅತ್ತಿಗೆ, ಕಂಪನಿ ಹೆಸರು."

"ತಪ್ಪು ಎಲ್ಲಿದೆ ಗೊತ್ತಿಲ್ಲ ಅಂದ್ರೆ ಮೂಲಪ್ರತಿ ಜೊತೆ ಹೋಲಿಸಬೇಕು. ನೀನು ಓದು, ನಾನು ಹಿಡೀತೀನಿ. ಚುಕ್ಕೆ ಬಿಡಬೇಡ."

ಮೂವತ್ತೊಂದು ವರ್ಷ ಓದಿದವರು ಮೊದಲ ಸಲ ಎದುರಿನ ಕುರ್ಚಿಯಲ್ಲಿ ಕೂತಿದ್ದರು. ನಾನು ರೂಟರನ್ನು ಮಗುಚಿ, ತಳದ ಚೀಟಿ ಓದಿದೆ. ತೂಕ, ಕರೆಂಟು, ಯಾವುದೋ ಉದ್ದದ ನಂಬರು. ಆಮೇಲೆ, "ನೂರ ತೊಂಬತ್ತೆರಡು, ಪೂರ್ಣವಿರಾಮ, ನೂರ ಅರವತ್ತೆಂಟು, ಪೂರ್ಣವಿರಾಮ, ಸೊನ್ನೆ, ಪೂರ್ಣವಿರಾಮ, ಒಂದು."

"ನಿಲ್ಲಿಸು. ಸೊನ್ನೆಯಾ?"

"ಸೊನ್ನೆ."

"ಇಲ್ಲಿ ಒಂದು ಇದೆ. ಬಾಗಿಲು ಅಂತ ಬರೆದು ಅದರ ಮುಂದೆ."

ನಾನು ಬಗ್ಗಿ ನೋಡಿದೆ. ಅಣ್ಣನ ಬರವಣಿಗೆಯಲ್ಲಿ ೧ ಕೂಡ ಸೊನ್ನೆಯಷ್ಟೇ ದುಂಡು. "ಇದೂ ಸೊನ್ನೆಯೇ ಅತ್ತಿಗೆ."

"ಬಾಲ ನೋಡು. ನಿಮ್ಮಣ್ಣ ಸೊನ್ನೆಗೆ ಬಾಲ ಬಿಡೋನಲ್ಲ." ಕನ್ನಡಕ ತೆಗೆದು ಒರೆಸಿಕೊಂಡರು. "ಬಾಗಿಲು ಅಂದ್ರೆ ಈ ಬಾಗಿಲಲ್ಲ. ನೀನು ಕಿತ್ತು ಬಿಸಾಕಿದ್ದು ಬಾಗಿಲು."

ಹೊಸಿಲ ಬಳಿ ಸ್ಕ್ರೂ ತಿರುಗಿಸುತ್ತಿದ್ದ ವೆಲ್ಡಿಂಗಿನವರು ಕೈ ನಿಲ್ಲಿಸಿ ನನ್ನತ್ತ ಒಮ್ಮೆ ನೋಡಿ, ಮತ್ತೆ ತಿರುಗಿಸತೊಡಗಿದರು.

ಪೆಟ್ಟಿಗೆ ನಾಲ್ಕು ದಿನ ಮಾಡುತ್ತಿದ್ದದ್ದು ಇಷ್ಟೇ. ಹೊರಗೆ ಹೋಗಬೇಕಾದಾಗಲೆಲ್ಲ ಅಣ್ಣ ಹೇಳಿಕೊಟ್ಟ ಹಳೆಯ ನಂಬರಿಗೆ ಹೋಗಿ ಕದ ತಟ್ಟುತ್ತಿತ್ತು. ಆ ನಂಬರಿನ ಬಾಗಿಲು ಗುಜರಿಯಲ್ಲಿ ಚೂರಾಗಿ ಬಿದ್ದಿತ್ತು. ಹೊಸ ಬಾಗಿಲು ಒಂದು ಮೊಳ ದೂರದಲ್ಲಿ ಹಸಿರು ದೀಪ ಹಚ್ಚಿಕೊಂಡು ನಿಂತಿತ್ತು. ಹೇಳುವವರಿರಲಿಲ್ಲ.

ತಿದ್ದುವ ಕ್ರಮವನ್ನೂ ಅಣ್ಣ ಮುಂದಿನ ಪುಟದಲ್ಲಿ ಬರೆದಿದ್ದ. ಅತ್ತಿಗೆ ಓದಿದರು, ನಾನು ಕೀಲಿಮಣೆ ಒತ್ತಿದೆ. ಎರಡು ಕಡೆ ಒಂದನ್ನು ತೆಗೆದು ಸೊನ್ನೆ ಮಾಡಿದೆವು: ಬಾಗಿಲಿನ ನಂಬರಿನಲ್ಲಿ ಒಂದು ಕಡೆ, ಪೆಟ್ಟಿಗೆಯ ಸ್ವಂತ ನಂಬರಿನಲ್ಲಿ ಇನ್ನೊಂದು ಕಡೆ. ಪರದೆ ಒಮ್ಮೆ ಕಪ್ಪಾಯಿತು. ಆಮೇಲೆ ಬಂತು: ದಾರಿ ಸಿಕ್ಕಿತು.

ಡಬ್ಬಿಯಲ್ಲಿ ನಾಲ್ಕು ದಿನದಿಂದ ಕಾಯುತ್ತಿದ್ದ ಮಾತುಗಳು ಒಂದರ ಹಿಂದೆ ಒಂದು ಬಂದವು. ಐದಿದ್ದವು. ಕೆಂಪುಶಾಯಿಯ ದನಿ.

"ನಾನೂರ ಏಳನೇ ಪುಟ, ಮೂರನೇ ಸಾಲು, ಕೊಳವೆ ಅನ್ನೋದಕ್ಕೆ ಕೊಳವೇ ಅಂತ ಎಳೆದೆ. ದೀರ್ಘ ಬೇಡ."

"ಗಿಳಿ, ಪಂಪು ತಿರುಗುತ್ತದೆ ಅಂತ ನಿಲ್ಲಿಸಿದ್ದೀಯ. ಮುಂದಕ್ಕೆ ಓದು."

"ಮುನಿಸಿಕೊಂಡೆಯಾ? ಕೊಳವೆ ಎಳೆದದ್ದು ಹೇಳಿದ್ದಕ್ಕೇ?"

ನಾಲ್ಕನೆಯದರಲ್ಲಿ ಬರೀ ಉಸಿರಿತ್ತು. ಐದನೆಯದರಲ್ಲಿ ದನಿ ಬಹಳ ಸಣ್ಣದಾಗಿತ್ತು, ಅತ್ತಿಗೆ ಕಿವಿಯನ್ನು ಸ್ಪೀಕರಿಗೆ ಒತ್ತಿದರು.

"ಕಡೆಯಲ್ಲಿ ಏನಂದೆ ಸರಿಯಾಗಿ ಕೇಳಿಸಲಿಲ್ಲ ಕಣೇ. ಅಲ್ಪವಿರಾಮವೋ ಪೂರ್ಣವಿರಾಮವೋ?"

ಅತ್ತಿಗೆ ವಾಕರ್ ನೂಕಿಕೊಂಡು ಕೋಣೆಗೆ ಹೋಗಿ ಮೈಕು ಎಳೆದುಕೊಂಡರು. "ಅಲ್ಪವಿರಾಮ ಕಣೇ. ಅಲ್ಪವಿರಾಮ. ಬರೆದುಕೋ," ಎಂದರು. ಆಮೇಲೆ ಓದಿದರು: "ಪಂಪು ತಿರುಗುತ್ತದೆ ಅಲ್ಪವಿರಾಮ ಆದರೆ ನೀರು ಬರುವುದಿಲ್ಲ ಪೂರ್ಣವಿರಾಮ. ಇದಕ್ಕೆ ಕಾರಣಗಳು ಮೂರು ವಿವರಣ ಚಿಹ್ನೆ…" ನಾಲ್ಕು ದಿನ ಸೋತು ಕುಸಿದಿದ್ದ ದನಿ ಪ್ರೆಸ್ಸಿನ ಮೆಷಿನ್ನುಗಳ ಗದ್ದಲವನ್ನೂ ದಾಟುವಷ್ಟು ಗಟ್ಟಿಯಾಗಿತ್ತು. ಒಂದು ಪುಟ, ಎರಡು ಪುಟ, ನಿಲ್ಲಿಸಲಿಲ್ಲ. ಮೂರನೇ ಪುಟದ ನಡುವೆ ಫೋನ್ ಬಂತು. ನಾನು ಎತ್ತಿದೆ. ವಾರ್ಡಿನಿಂದ ಒಬ್ಬರು ಹೊಸ ನರ್ಸ್.

"ಸಾರ್, ಡಬ್ಬಿ ಮೇಲೆ ಈ ನಂಬರ್ ಬರೆದಿತ್ತು. ಅದು ಇದ್ದಕ್ಕಿದ್ದಂತೆ ಜೋರಾಗಿ ಓದ್ತಾ ಇದೆ. ಹೆಡ್‌ಫೋನ್ ತೆಗೆದಿಟ್ಟಿದ್ವಿ. ಅದನ್ನ ಆರಿಸೋದು ಹೇಗೆ ಹೇಳ್ತೀರಾ?"

"ಅವರಿಗೆ ಹೆಡ್‌ಫೋನ್ ಹಾಕಿ ತಾಯಿ."

"ಯಾರಿಗೆ ಸಾರ್? ಹಾಸಿಗೆ ಖಾಲಿ ಇದೆ. ಅವರು ಬೆಳಿಗ್ಗೆ ಏಳಕ್ಕೇ ಹೋದ್ರು. ಮನೆಯವರಿಗೆ ತಿಳಿಸಿದ್ವಿ, ನಿಮಗೆ ಗೊತ್ತಿರಲಿಲ್ವಾ?"

ಫೋನಿನ ಆಕಡೆಯಿಂದ, ನರ್ಸಿನ ಮಾತಿನ ಹಿಂದೆ, ಅತ್ತಿಗೆಯ ದನಿ ಕೇಳಿಸುತ್ತಿತ್ತು. ಕೋಣೆಯಿಂದಲೂ ಅದೇ ದನಿ ಕೇಳಿಸುತ್ತಿತ್ತು. ಒಂದು ಕಿವಿಯಲ್ಲಿ ಪಂಪಿನ ಕವಾಟ ತೆರೆಯುತ್ತಿತ್ತು, ಇನ್ನೊಂದರಲ್ಲಿ ಅರೆ ಕ್ಷಣ ತಡವಾಗಿ ತೆರೆಯುತ್ತಿತ್ತು. ನಾನು ಕೋಣೆಯ ಬಾಗಿಲಲ್ಲಿ ನಿಂತೆ. ಹೇಳುವುದು ಬೇಕಾಗಲಿಲ್ಲ. ನನ್ನ ಮುಖವನ್ನು ನೋಡಿ ಅತ್ತಿಗೆ ವಾಕ್ಯ ಮುಗಿಸಿದರು, ಅದರ ಪೂರ್ಣವಿರಾಮವನ್ನೂ ಹೇಳಿದರು, ಮೈಕು ಆರಿಸಿದರು.

ಎಂಟೂ ಚಿಲ್ಲರೆ ಪುಟ ಹಾಗೆಯೇ ಉಳಿದಿದೆ. ಮೂಲಪ್ರತಿಯನ್ನು ಅತ್ತಿಗೆ ದಾರ ಕಟ್ಟಿ ಪೆಟ್ಟಿಗೆಯ ಮೇಲಿಟ್ಟಿದ್ದಾರೆ. ಆ ದಿನದಿಂದ ಅವರು ಮಾತಿನಲ್ಲಿ ವಿರಾಮ ಹೇಳುವುದನ್ನು ಬಿಟ್ಟರು. ಈಗ ಅವರ ಮಾತು ಎಲ್ಲಿ ಮುಗಿಯಿತು ಎಂದು ತಿಳಿಯುವುದೇ ಇಲ್ಲ. ನಾನು ಎದುರು ಕೂತು ಇನ್ನೂ ಏನಾದರೂ ಹೇಳುತ್ತಾರೆಂದು ಕಾಯುತ್ತಿರುತ್ತೇನೆ. ಪೆಟ್ಟಿಗೆ ಓಡುತ್ತಲೇ ಇದೆ. ದಿನಕ್ಕೆ ಸಾವಿರ ಸಲ ಹೊಸ ಬಾಗಿಲಿಂದ ಹೊರಗೆ ಹೋಗಿ ಆರಿಸಿಟ್ಟ ಡಬ್ಬಿಯನ್ನು ಹುಡುಕಿ ಬರುತ್ತದೆ. ಆರಿಸೋಣವೇ ಎಂದು ಎರಡು ಸಲ ಕೇಳಿದೆ. ಎರಡು ಸಲವೂ ಅತ್ತಿಗೆ ಅದರ ಮೇಲಿನ ಧೂಳು ಒರೆಸಿದರು.

ಈ ಬರಹ ಮುಗಿಸಿದ ಮೇಲೆ ಅವರ ಮುಂದೆ ಕೂತೆ. ನನ್ನ ಕಾಗುಣಿತ ಊರಿಗೇ ಗೊತ್ತು, ತಿದ್ದಿಕೊಡಿ ಎಂದೆ. ಅವರು ಕೈ ಚಾಚಿ ಕೆಂಪು ಪೆನ್ನು ತೆಗೆದುಕೊಂಡು, "ಓದು," ಎಂದರು.

"ನಾನು ಕೈ ಹಾಕಿದರೆ ಎಂಥ ಮೂಕ ಯಂತ್ರವೂ ಬಾಯಿ ಬಿಟ್ಟೇ ಬಿಡುತ್ತದೆ, ಪೂರ್ಣವಿರಾಮ."

"ಅಲ್ಲೇ ನಿಲ್ಲು. ಪೂರ್ಣವಿರಾಮ ತೆಗಿ, ಅಲ್ಪವಿರಾಮ ಹಾಕು. ಮುಂದಕ್ಕೆ 'ಕೇಳುವವರು ಹೋದ ಮೇಲೆ' ಅಂತ ಸೇರಿಸು."